ನ್ಯಾಯಮೂರ್ತಿ ಮರೇ ಸಿಂಕ್ಲೇರ್ ಅವರ ನೆನಪನ್ನು ಹೊಸದಾಗಿ ಬಂದ ನಾವು ಹೇಗೆ ಗೌರವಿಸಬೇಕು?

ಪ್ರಶ್ನೆ ಕೇಳಿದವರು: ಕೆಂಪುಹೊಳೆ ದಂಡೆಯವ (ವಿನ್ನಿಪೆಗ್)

ಎಲ್ಲರಿಗೂ ನಮಸ್ಕಾರ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಬಳಗವಿದೆ. ಯುಗಾದಿ, ಗಣೇಶನ ಹಬ್ಬ ಮತ್ತು ರಾಜ್ಯೋತ್ಸವಕ್ಕೆ ಸೇರುವುದನ್ನು ಬಿಟ್ಟರೆ ನಾವು ಬೇರೆ ಕಾರ್ಯಕ್ರಮಗಳನ್ನು ನಡೆಸಿದವರಲ್ಲ. ಈ ಬಾರಿ ಸೆಪ್ಟೆಂಬರ್ 30ರಂದು, ಅಂದರೆ ಇಲ್ಲಿನ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನದಂದು, ನ್ಯಾಯಮೂರ್ತಿ ಮರೇ ಸಿಂಕ್ಲೇರ್ ಅವರನ್ನು ನೆನೆಯುವ ಒಂದು ಸಭೆ ಮಾಡಬೇಕೆಂದು ಕೆಲವರು ಸೂಚಿಸಿದ್ದಾರೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇರಿಸಿದ್ದ ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾಗಿದ್ದ ಅವರು 2024ರ ನವೆಂಬರ್ 4ರಂದು ಇದೇ ಊರಿನ ಆಸ್ಪತ್ರೆಯಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಭೆಯ ರೂಪದ ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಭಾವಚಿತ್ರಕ್ಕೆ ಹಾರ ಹಾಕಿ, ದೀಪ ಬೆಳಗಿಸಿ, ಇಬ್ಬರು ಹಿರಿಯರಿಂದ ಮಾತನಾಡಿಸಿ, ಮಕ್ಕಳಿಗೆ ಆ ದಿನದ ಗುರುತಾದ ಕಿತ್ತಳೆ ಬಣ್ಣದ ಅಂಗಿ ತೊಡಿಸಿ ಫೋಟೊ ತೆಗೆಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅಷ್ಟಕ್ಕೇ ನಿಂತರೆ ಅದು ನಮ್ಮೂರಿನ ಜಯಂತಿಗಳ ಹಾಗೆ ಮಧ್ಯಾಹ್ನದ ಊಟದೊಂದಿಗೆ ಮುಗಿದುಹೋಗುತ್ತದೆ ಎನ್ನುವವರೂ ಇದ್ದಾರೆ. ಇನ್ನೊಬ್ಬರಂತೂ, ನಾವು ಬಂದು ಹತ್ತು ವರ್ಷವೂ ಆಗಿಲ್ಲ, ಇದು ಬಿಳಿಯರಿಗೂ ಮೂಲನಿವಾಸಿಗಳಿಗೂ ನಡುವಿನ ವ್ಯವಹಾರ, ನಾವು ಮಧ್ಯೆ ಹೋಗುವುದು ಸರಿಯೇ ಎಂದು ನೇರವಾಗಿಯೇ ಕೇಳಿದರು.

ಅವರ ಬದುಕು ಮತ್ತು ಕೆಲಸವನ್ನು ಬಲ್ಲವರು, ಇಂಥ ಕಾರ್ಯಕ್ರಮ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಿ. ಗೌರವ ಸಲ್ಲಿಸುವ ಕ್ರಮ ಯಾವುದು, ಮಾಡಬಾರದ್ದು ಯಾವುದು ಎಂಬುದು ನನ್ನ ಮುಖ್ಯ ಪ್ರಶ್ನೆ.


ಉತ್ತರ: ಹಳೆಯ ವಕೀಲ (ಬೆಂಗಳೂರು)

ನಾನು ವಕೀಲಿಕೆಯಿಂದ ನಿವೃತ್ತನಾದವನು. ಕೆನಡಾವನ್ನು ಕಂಡದ್ದು ಮಗಳ ಮನೆಗೆ ಬಂದಾಗ ಮಾತ್ರ. ಆದರೂ ಸಿಂಕ್ಲೇರ್ ಅವರ ವರದಿಗಳನ್ನು ವೃತ್ತಿಯ ಕುತೂಹಲದಿಂದ ಓದಿದ್ದೇನೆ. ಸಭೆಯಲ್ಲಿ ಅವರನ್ನು ಬರೀ ಆ ಒಂದು ಆಯೋಗದ ಅಧ್ಯಕ್ಷರೆಂದು ಪರಿಚಯಿಸಿ ಬಿಡಬೇಡಿ ಎಂಬುದೇ ನನ್ನ ಮೊದಲ ಕೋರಿಕೆ, ಏಕೆಂದರೆ ಆಯೋಗದ ವರದಿ ಈಗಿರುವ ರೂಪದಲ್ಲಿ ಏಕಿದೆ ಎಂಬುದು ಅದರ ಹಿಂದಿನ ಇಪ್ಪತ್ತು ವರ್ಷಗಳನ್ನು ನೋಡದೆ ತಿಳಿಯುವುದಿಲ್ಲ.

ಅವರು ಹುಟ್ಟಿದ್ದು 1951ರ ಜನವರಿ 24ರಂದು. ಮೂಲನಿವಾಸಿಗಳು ತಮ್ಮ ಭೂಮಿಯ ಹಕ್ಕಿಗಾಗಿ ವಕೀಲರನ್ನು ನೇಮಿಸಿಕೊಳ್ಳಲು ಹಣ ಕೂಡಿಸುವುದನ್ನೇ 1927ರಿಂದ ನಿಷೇಧಿಸಿದ್ದ ಕಾನೂನು ರದ್ದಾದದ್ದೂ ಅದೇ ವರ್ಷ. ತಾಯಿ ಬೇಗನೆ ತೀರಿಕೊಂಡದ್ದರಿಂದ ಅಜ್ಜ ಅಜ್ಜಿಯರು ಅವರನ್ನು ಸೆಲ್ಕರ್ಕ್ ಊರಿನ ಉತ್ತರಕ್ಕಿರುವ ಸೇಂಟ್ ಪೀಟರ್ಸ್ ಎಂಬಲ್ಲಿ ಸಾಕಿದರು. ಅದು ಅವರ ಜನರಾದ ಮೂಲನಿವಾಸಿಗಳಿಗೆಂದೇ ಮೀಸಲಿಟ್ಟಿದ್ದ ಜಾಗ. 1907ರಲ್ಲಿ ಅದನ್ನು ಅಕ್ರಮವಾಗಿ ಬಿಡಿಸಿಕೊಂಡು ಜನರನ್ನು ದೂರದ ಉತ್ತರಕ್ಕೆ, ಇಂದಿನ ಪೆಗ್ವಿಸ್‌ಗೆ, ಕಳುಹಿಸಲಾಗಿತ್ತು. ಕಳೆದುಹೋದ ನೆಲದ ಮೇಲೆಯೇ ಬೆಳೆದ ಹುಡುಗ 1979ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ. ಆದರೆ ನ್ಯಾಯಾಲಯಗಳಲ್ಲಿ ಕಂಡ ತಾರತಮ್ಯಕ್ಕೆ ಬೇಸತ್ತು ವೃತ್ತಿಯನ್ನೇ ಬಿಡುವ ಯೋಚನೆ ಮಾಡಿದಾಗ, ಸಮುದಾಯದ ಹಿರಿಯರೊಬ್ಬರ ಮಾತು ಅವರನ್ನು ಉಳಿಸಿತು.

1988ರಲ್ಲಿ ಅವರು ಮ್ಯಾನಿಟೋಬಾದ ಮೊದಲ ಮೂಲನಿವಾಸಿ ನ್ಯಾಯಾಧೀಶರಾದರು. ಅದೇ ಹೊತ್ತಿಗೆ ಎರಡು ಸಾವುಗಳ ಪ್ರಶ್ನೆ ಪ್ರಾಂತ್ಯವನ್ನು ಕಲಕಿತ್ತು. ದಿ ಪಾಸ್ ಎಂಬ ಊರಿನಲ್ಲಿ ಓದುತ್ತಿದ್ದ, ಕ್ರೀ ಎಂಬ ಮೂಲನಿವಾಸಿ ಸಮುದಾಯದ ಹತ್ತೊಂಬತ್ತರ ಹೆಲನ್ ಬೆಟ್ಟಿ ಆಸ್ಬರ್ನ್ 1971ರಲ್ಲಿ ಕೊಲೆಯಾದಳು. ಜೊತೆಯಲ್ಲಿದ್ದವರು ನಾಲ್ವರು ಗಂಡಸರು. ಹದಿನಾರು ವರ್ಷಗಳ ನಂತರ, 1987ರಲ್ಲಿ, ಶಿಕ್ಷೆಯಾದದ್ದು ಒಬ್ಬನಿಗೆ. 1988ರ ಮಾರ್ಚ್‌ನಲ್ಲಿ ಮೂಲನಿವಾಸಿ ಸಮುದಾಯದ ನಾಯಕ ಜೆ. ಜೆ. ಹಾರ್ಪರ್ ವಿನ್ನಿಪೆಗ್‌ನ ಬೀದಿಯಲ್ಲಿ ಪೊಲೀಸನ ಗುಂಡಿಗೆ ಬಲಿಯಾದರು. ಇವುಗಳ ಹಿನ್ನೆಲೆಯಲ್ಲಿ ನ್ಯಾಯವ್ಯವಸ್ಥೆಯನ್ನೇ ಪರಿಶೀಲಿಸಲು ನೇಮಿಸಿದ ಇಬ್ಬರು ಸದಸ್ಯರ ತನಿಖೆಯಲ್ಲಿ ಆಲ್ವಿನ್ ಹ್ಯಾಮಿಲ್ಟನ್ ಅವರೊಂದಿಗೆ ಸಿಂಕ್ಲೇರ್ ಕೂತರು. 1991ರಲ್ಲಿ ಬಂದ ಆ ವರದಿ ಎಷ್ಟು ಗಟ್ಟಿಯಾಗಿತ್ತೋ ಅಷ್ಟೇ ನಿಧಾನವಾಗಿ ಕಪಾಟಿನಲ್ಲಿ ಧೂಳು ತಿಂದಿತು. ನಮ್ಮ ದೇಶದ ಆಯೋಗಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಮೇಲೆ ವಿನ್ನಿಪೆಗ್ ಆಸ್ಪತ್ರೆಯೊಂದರಲ್ಲಿ 1994ರಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿ ಸತ್ತ 12 ಮಕ್ಕಳ ಮರಣ ವಿಚಾರಣೆಯನ್ನು ಅವರು ವರ್ಷಗಟ್ಟಲೆ ನಡೆಸಿದರು. ಅದು ಅವರನ್ನು ಎಷ್ಟು ದಣಿಸಿತೆಂದರೆ, ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷತೆ ಮೊದಲ ಸಲ ಬಂದಾಗ ಅವರು ಒಲ್ಲೆನೆಂದರು. ಮೊದಲ ಅಧ್ಯಕ್ಷರು 2008ರಲ್ಲಿ ರಾಜೀನಾಮೆ ಕೊಟ್ಟು ಆಯೋಗವೇ ಮುರಿದುಬೀಳುವಂತಾದಾಗ, 2009ರಲ್ಲಿ ಒಪ್ಪಿಕೊಂಡರು. ಮಾರಿ ವಿಲ್ಸನ್ ಮತ್ತು ವಿಲ್ಟನ್ ಲಿಟಲ್‌ಚೈಲ್ಡ್ ಸಹ ಆಯುಕ್ತರಾದರು.

ಆಯೋಗ 2015ರಲ್ಲಿ ಮುಂದಿಟ್ಟ 94 ಕರೆಗಳನ್ನು, ಅಂದರೆ ಯಾರು ಏನು ಮಾಡಬೇಕೆಂಬ ಶಿಫಾರಸುಗಳನ್ನು, ಓದಿದರೆ ಹಳೆಯ ಪಾಠ ಎದ್ದು ಕಾಣುತ್ತದೆ. ಅವುಗಳಲ್ಲಿ ಬಹುತೇಕ ಕರೆಗಳು ಚಿಕ್ಕವು, ಮತ್ತು ಪ್ರತಿಯೊಂದರಲ್ಲೂ ಕೆಲಸ ಯಾರದೆಂದು ಸ್ಪಷ್ಟವಾಗಿ ಬರೆದಿದೆ. ಒಕ್ಕೂಟ ಸರ್ಕಾರ, ಪ್ರಾಂತ್ಯಗಳು, ಚರ್ಚುಗಳು, ಕಾನೂನು ಕಾಲೇಜುಗಳು, ವೈದ್ಯ ಮತ್ತು ದಾದಿಯರ ಕಾಲೇಜುಗಳು, ಪತ್ರಿಕೋದ್ಯಮದ ಶಾಲೆಗಳು, ಕ್ರೀಡಾ ಸಂಸ್ಥೆಗಳು, ಉದ್ಯಮಗಳು, ಕೊನೆಗೆ ಪೋಪ್ ಕೂಡ! 58ನೇ ಕರೆ ಪೋಪ್ ಕೆನಡಾಕ್ಕೆ ಬಂದು ಕ್ಷಮೆ ಕೇಳಬೇಕೆಂದಿತ್ತು. 2022ರ ಜುಲೈ 25ರಂದು ಪೋಪ್ ಫ್ರಾನ್ಸಿಸ್ ಆಲ್ಬರ್ಟಾದ ಮಾಸ್ಕ್ವಾಚೀಸ್‌ಗೆ ಬಂದು ಕೇಳಿದರು. ಯಾರೂ ತಪ್ಪಿಸಿಕೊಳ್ಳದಂತೆ ಹೆಸರು ಹಿಡಿದು ಕರೆಯುವ ಈ ಕ್ರಮ, ಒಮ್ಮೆ ಕಪಾಟು ಸೇರಿದ ವರದಿಯನ್ನು ಬರೆದ ನ್ಯಾಯಾಧೀಶನಿಗೆ ಮಾತ್ರ ಹೊಳೆಯುವಂಥದ್ದು ಎಂದು ನನಗನಿಸುತ್ತದೆ.


ಉತ್ತರ: ಮೇಪಲ್ ನೆರಳು (ಬ್ರಾಂಪ್ಟನ್)

ವಕೀಲರ ವಿವರಣೆಗೆ ಧನ್ಯವಾದಗಳು. ಆದರೂ ಪ್ರಶ್ನೆ ಕೇಳಿದವರು ಉಲ್ಲೇಖಿಸಿದ ಆ ಸದಸ್ಯರ ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಮರೇ ಸಿಂಕ್ಲೇರ್ ದೊಡ್ಡವರೆಂಬುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ.

ವಸತಿ ಶಾಲೆಗಳನ್ನು ನಡೆಸಿದ್ದು ಇಲ್ಲಿನ ಸರ್ಕಾರ ಮತ್ತು ಚರ್ಚುಗಳು. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಆಗ ನಾವು ಧಾರವಾಡದಲ್ಲೋ ದಾವಣಗೆರೆಯಲ್ಲೋ ಶಾಲೆಗೆ ಹೋಗುತ್ತಿದ್ದವರು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ ಭಾರತೀಯರನ್ನು ವ್ಯಾಂಕೂವರ್ ಬಂದರಿನಿಂದಲೇ ಹಿಂದಕ್ಕೆ ಅಟ್ಟಿದ ದೇಶವಿದು. ಬ್ರಿಟಿಷ್ ಕೊಲಂಬಿಯಾದಲ್ಲಿ ನಮ್ಮವರಿಗೆ ಮತದಾನದ ಹಕ್ಕು ಮರಳಿ ಸಿಕ್ಕಿದ್ದು 1947ರಲ್ಲಿ. ನಾವೂ ವಸಾಹತುಶಾಹಿಯ ಕೆಳಗೆ ಬದುಕಿದವರೇ ಆಗಿರುವಾಗ, ಅದರ ಪಾಪದ ಲೆಕ್ಕವನ್ನು ನಮ್ಮ ಹೆಸರಿಗೂ ಬರೆಯುವುದು ನ್ಯಾಯವೇ?

ಇನ್ನೊಂದು ಮಾತು. 2021ರಲ್ಲಿ ಕ್ಯಾಮ್‌ಲೂಪ್ಸ್ ಎಂಬ ಊರಿನ ವಸತಿ ಶಾಲೆಯ ಆವರಣದಲ್ಲಿ ನೆಲದೊಳಗನ್ನು ಶೋಧಿಸುವ ರೇಡಾರ್ ಯಂತ್ರದಿಂದ 215 ಸಂಭಾವ್ಯ ಸಮಾಧಿಗಳನ್ನು ಗುರುತಿಸಲಾಯಿತೆಂದು ಸುದ್ದಿಯಾದಾಗ, ಸಂಭಾವ್ಯ ಎಂಬ ಮಾತು ಅನೇಕ ಶೀರ್ಷಿಕೆಗಳಿಂದ ಮಾಯವಾಗಿತ್ತು. ಅದನ್ನೇ ಹಿಡಿದು ಇಡೀ ವಿಷಯವೇ ಸುಳ್ಳೆನ್ನುವವರು ಈಗ ಹುಟ್ಟಿಕೊಂಡಿದ್ದಾರೆ. ಪೂರ್ತಿ ತಿಳಿಯದ ನಾವು ವೇದಿಕೆ ಹತ್ತಿ ಮಾತನಾಡಿ ಇಂಥ ಗೊಂದಲಕ್ಕೆ ಇನ್ನಷ್ಟು ಸೇರಿಸುವುದಕ್ಕಿಂತ, ಸುಮ್ಮನೆ ಗೌರವದಿಂದ ದೂರವಿರುವುದು ಮೇಲಲ್ಲವೇ? ಕಿತ್ತಳೆ ಅಂಗಿಯ ಫೋಟೊಗಳಿಂದ ಯಾರಿಗೆ ಏನು ಸಿಗುತ್ತದೆ?


ಉತ್ತರ: ಗೋಧಿಸೀಮೆಯ ಶಿಕ್ಷಕಿ (ಮ್ಯಾನಿಟೋಬಾ)

ನಾನು ಇಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಮೇಲಿನ ಆಕ್ಷೇಪವನ್ನು ಸಿಬ್ಬಂದಿಯ ಕೋಣೆಯಲ್ಲೂ, ನಮ್ಮ ಜನರ ಮನೆಗಳಲ್ಲೂ ಕೇಳಿದ್ದೇನೆ. ಅದಕ್ಕೆ ಉತ್ತರವನ್ನು ಸಿಂಕ್ಲೇರ್ ಅವರ ವರದಿಯಲ್ಲೇ ಹುಡುಕಬಹುದು ಎಂಬುದು ನನ್ನ ವಾದ.

94 ಕರೆಗಳ ಕೊನೆಯ ಎರಡನ್ನು ತೆಗೆದು ನೋಡಿ. 93 ಮತ್ತು 94ನೇ ಕರೆಗಳಿಗೆ ಕೊಟ್ಟ ತಲೆಬರಹವೇ ಕೆನಡಾಕ್ಕೆ ಹೊಸದಾಗಿ ಬಂದವರು ಎಂಬುದು. ಅಂದರೆ ಧಾರವಾಡ ಮತ್ತು ದಾವಣಗೆರೆಯಿಂದ ಬಂದವರನ್ನು ಆಯೋಗ ಮರೆತಿರಲಿಲ್ಲ. ಹಾಗೆಂದು ಅವರ ಮೇಲೆ ತಪ್ಪು ಹೊರಿಸಲೂ ಇಲ್ಲ. 93ನೇ ಕರೆ, ವಲಸೆ ಬಂದವರಿಗೆ ಕೊಡುವ ಮಾಹಿತಿಯಲ್ಲೂ ಪೌರತ್ವ ಪರೀಕ್ಷೆಯಲ್ಲೂ ಮೂಲನಿವಾಸಿಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಮತ್ತು ವಸತಿ ಶಾಲೆಗಳ ಚರಿತ್ರೆ ಇರಲಿ ಎನ್ನುತ್ತದೆ. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಕೈಪಿಡಿಯಲ್ಲಿ ವಸತಿ ಶಾಲೆಗಳ ಬಗ್ಗೆ ಇರುವುದು ಕೆಲವೇ ಸಾಲು. ಹೊಸ ಕೈಪಿಡಿಯ ಮಾತು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. 94ನೇ ಕರೆ ಪೌರತ್ವದ ಪ್ರಮಾಣವಚನವನ್ನು ತಿದ್ದಬೇಕೆಂದು ಹೇಳಿತು. 2021ರ ಜೂನ್‌ನಲ್ಲಿ ಸಂಸತ್ತು ಅದನ್ನು ತಿದ್ದಿತು. ಆಯೋಗ ಸೂಚಿಸಿದ ಪದಗಳು ಹಾಗೆಯೇ ಉಳಿಯಲಿಲ್ಲ. ಆದರೂ ಅಂದಿನಿಂದ ಪೌರರಾಗುವ ಪ್ರತಿಯೊಬ್ಬರೂ ಫಸ್ಟ್ ನೇಷನ್ಸ್, ಇನ್ಯುಯಿಟ್ ಮತ್ತು ಮೆಟೀ ಎಂಬ ಮೂಲನಿವಾಸಿ ಜನರ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆಂದು ಬಲಗೈ ಎತ್ತಿ ಹೇಳುತ್ತಾರೆ. ನಮ್ಮ ಬಳಗದಲ್ಲಿ ಎಷ್ಟೋ ಮಂದಿ ಹಾಗೆ ಹೇಳಿದವರೇ ಇದ್ದಾರೆ. ಹಾಗಾಗಿ ಇದು ನಮಗೆ ಸಂಬಂಧಿಸಿದ ವಿಷಯವೇ ಎಂಬ ಪ್ರಶ್ನೆ ಆ ಸಭಾಂಗಣದಲ್ಲೇ ಇತ್ಯರ್ಥವಾಗಿದೆ.

ಆ ಒಪ್ಪಂದದ ಹಕ್ಕುಗಳೆಂದರೆ ಏನೆಂದು ವಿನ್ನಿಪೆಗ್‌ನವರು ಬಹಳ ದೂರ ಹೋಗಿ ತಿಳಿಯಬೇಕಾಗಿಲ್ಲ. ನಾವು ಮನೆ ಕೊಂಡಿರುವ ನೆಲವು ಒಂದನೇ ಒಪ್ಪಂದದ ನೆಲ. 1871ರ ಆಗಸ್ಟ್ 3ರಂದು, ಊರಿನ ಉತ್ತರಕ್ಕಿರುವ ಲೋವರ್ ಫೋರ್ಟ್ ಗ್ಯಾರಿ ಕೋಟೆಯಲ್ಲಿ, ರಾಣಿಯ ಹೆಸರಿನಲ್ಲಿ ಅದಕ್ಕೆ ಸಹಿ ಬಿತ್ತು. ತಲೆಗೆ ವರ್ಷಕ್ಕೆ 3 ಡಾಲರ್ ಕೊಡುತ್ತೇವೆಂದದ್ದು ಕೆಲವೇ ವರ್ಷಗಳಲ್ಲಿ 5 ಡಾಲರ್ ಆಯಿತು, ಮತ್ತು ಇಂದಿಗೂ ಅದು 5 ಡಾಲರೇ. ಪ್ರತಿವರ್ಷ ಒಪ್ಪಂದದ ದಿನ ಅಧಿಕಾರಿಗಳು ಬಂದು ಸಾಲಾಗಿ ನಿಂತವರ ಕೈಗೆ ಐದು ಡಾಲರಿನ ನೋಟು ಕೊಡುತ್ತಾರೆ. ನಮ್ಮ ಭಾಗದಲ್ಲಿ ಒಂದು ನಿವೇಶನದ ಬೆಲೆ ಎಷ್ಟೆಂದು ಓದುಗರಿಗೆ ಗೊತ್ತಿದೆ.

ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಜನ ಬಯಸಿದಾಗ ಪ್ರತಿ ಮೀಸಲು ಪ್ರದೇಶದಲ್ಲೂ ರಾಣಿ ಒಂದು ಶಾಲೆಯನ್ನು ನಡೆಸಿಕೊಡುತ್ತಾಳೆ ಎಂಬ ಮಾತು. ಶಾಲೆ ಬೇಡವೆಂದವರಲ್ಲ ಅವರು. ತಮ್ಮ ಊರಿನಲ್ಲೇ, ತಾವು ಕೇಳಿದಾಗ ಶಾಲೆ ಬೇಕೆಂದು ಬರೆಸಿಕೊಂಡವರು. ಸಿಕ್ಕಿದ್ದು ಮಾತ್ರ ಮನೆಯಿಂದ ನೂರಾರು ಮೈಲಿ ದೂರದ ವಸತಿ ಶಾಲೆ. ಒಂದೂವರೆ ಲಕ್ಷ ಮಕ್ಕಳು ಅಂಥ ಶಾಲೆಗಳ ಮೂಲಕ ಹಾದುಹೋದರು. ಕೂದಲು ಕತ್ತರಿಸಿ, ಹೆಸರಿನ ಬದಲು ಸಂಖ್ಯೆ ಕೊಟ್ಟು, ಮನೆಮಾತು ಆಡಿದರೆ ಹೊಡೆದು ಬೆಳೆಸಿದರು. ಆಯೋಗ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ವಾರಾಂತ್ಯದ ಕನ್ನಡ ತರಗತಿಗೆ ಮಕ್ಕಳನ್ನು ಕಾರಿನಲ್ಲಿ ಕರೆತರುವ ನಮಗೆ ಇದರ ಅರ್ಥ ಬೇರೆ ಯಾರಿಗಿಂತಲೂ ಬೇಗ ತಟ್ಟಬೇಕು.

ಸಮಾಧಿಗಳ ಬಗ್ಗೆ ಮೇಪಲ್ ನೆರಳು ಅವರು ಎತ್ತಿದ ಮಾತಿಗೆ ಅರ್ಧ ಒಪ್ಪಿಗೆಯಿದೆ. ಸಭೆಯಲ್ಲಿ ಸಂಭಾವ್ಯ ಎಂಬ ಪದವನ್ನು ಬಿಡದೆ ಹೇಳಬೇಕು. ಆದರೆ ಮಕ್ಕಳು ಸತ್ತರೆಂಬುದು ರೇಡಾರನ್ನು ನೆಚ್ಚಿಕೊಂಡ ಸಂಗತಿಯಲ್ಲ. ಕ್ಯಾಮ್‌ಲೂಪ್ಸ್ ಸುದ್ದಿಗೆ ಆರು ವರ್ಷ ಮೊದಲೇ ಆಯೋಗವು ಸರ್ಕಾರದ ಮತ್ತು ಚರ್ಚುಗಳ ಕಡತಗಳಿಂದಲೇ 3,200 ಸಾವುಗಳನ್ನು ದಾಖಲಿಸಿತ್ತು. ಶಾಲೆಗಳಲ್ಲಿ ಕ್ಷಯ ಹರಡಿ ಮಕ್ಕಳು ಸಾಯುತ್ತಿದ್ದಾರೆಂದು ಸರ್ಕಾರದ್ದೇ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲಿ ಬರೆದಿದ್ದರು. ಕಾಣೆಯಾದ ಮಕ್ಕಳನ್ನು ಹುಡುಕಲು ಆಯೋಗ 2009ರಲ್ಲಿ ಕೇಳಿದ 15 ಲಕ್ಷ ಡಾಲರನ್ನು ಸರ್ಕಾರ ಕೊಡಲಿಲ್ಲ. ಕಡತಗಳಿಗಾಗಿ 2013ರಲ್ಲಿ ನ್ಯಾಯಾಲಯದ ಆದೇಶವನ್ನೇ ತರಬೇಕಾಯಿತು. ಗೊಂದಲ ಎಲ್ಲಿಂದ ಹುಟ್ಟಿತೆಂಬುದನ್ನೂ ಹೇಳಿದರೆ ಚಿತ್ರ ಪೂರ್ತಿಯಾಗುತ್ತದೆ.

ಹಾಗೆಯೇ ಇದನ್ನು ಮುಗಿದ ಚರಿತ್ರೆಯೆಂದು ಮಂಡಿಸುವುದೂ ಸರಿಯಲ್ಲ. ಆಯೋಗದ ಮೊದಲ ಐದು ಕರೆಗಳು ಶಾಲೆಗಳನ್ನು ಕುರಿತವಲ್ಲ. ಇಂದು ಮನೆಯಿಂದ ಬೇರ್ಪಡಿಸಿ ಸರ್ಕಾರದ ಪಾಲನೆಯಲ್ಲಿ ಇರಿಸಿರುವ ಮಕ್ಕಳನ್ನು ಕುರಿತವು. 2021ರ ಜನಗಣತಿಯಂತೆ ಕೆನಡಾದ ಹದಿನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇಕಡ 7.7 ಮಾತ್ರ, ಸಾಕುಮನೆಗಳಲ್ಲಿರುವ ಅದೇ ವಯಸ್ಸಿನ ಮಕ್ಕಳಲ್ಲಿ ಶೇಕಡ 53.8. ನಮ್ಮ ಪ್ರಾಂತ್ಯದಲ್ಲಿ ಪಾಲನೆಯಲ್ಲಿರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಮೂಲನಿವಾಸಿಗಳು. ಅವರಲ್ಲಿ ಕೆಲವರು ನನ್ನ ತರಗತಿಯಲ್ಲೇ ಕೂರುತ್ತಾರೆ, ನಮ್ಮ ಕನ್ನಡದ ಮಕ್ಕಳ ಪಕ್ಕದ ಬೆಂಚಿನಲ್ಲಿ.


ಉತ್ತರ: ಸೇವಂತಿ (ವಿನ್ನಿಪೆಗ್)

ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ ಅನಿಶಿನಾಬೆ ಮತ್ತು ಕ್ರೀ ಮೂಲನಿವಾಸಿ ಸಹೋದ್ಯೋಗಿಗಳೊಂದಿಗೆ ಕೆಲಸ ಮಾಡುವ ನಾನು, ಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ.

ಸಮುದಾಯದ ಹಿರಿಯರೊಬ್ಬರನ್ನು ಕರೆಯುವುದಾದರೆ ಅವರನ್ನು ನೇರವಾಗಿ ಕಂಡು, ಹೊಗೆಸೊಪ್ಪನ್ನು ಕೈಯಲ್ಲಿಟ್ಟು, ಯಾವುದಕ್ಕಾಗಿ ಕರೆಯುತ್ತಿದ್ದೇವೆಂದು ಹೇಳಿ ಕೇಳಿಕೊಳ್ಳುವುದು ಇಲ್ಲಿನ ರೂಢಿ. ನಾವು ಮದುವೆಗೆ ಎಲೆ ಅಡಿಕೆ ಇಟ್ಟು ಕರೆಯುವುದನ್ನು ಬಲ್ಲವರಿಗೆ ಇದು ಹೊಸದೆನಿಸದು. ಅವರು ಅದನ್ನು ತೆಗೆದುಕೊಂಡರೆ ಒಪ್ಪಿದಂತೆ. ಗೌರವಧನವನ್ನೂ ಹೋಗಿಬರುವ ವ್ಯವಸ್ಥೆಯನ್ನೂ ಅವರು ಕೇಳುವ ಮೊದಲೇ ಗೊತ್ತುಮಾಡಿ. ಸೆಪ್ಟೆಂಬರ್ 30ಕ್ಕೆ ಎಲ್ಲರೂ ಅವರನ್ನೇ ಕರೆಯುವುದರಿಂದ ಬೇಸಿಗೆಯಲ್ಲೇ ಹೋಗಿ ಕೇಳುವುದು ಒಳ್ಳೆಯದು. ಬೇರೆ ದಿನ ಬರುತ್ತೇನೆಂದರೆ ಆ ದಿನವೇ ಸಭೆ ಇಟ್ಟುಕೊಳ್ಳಿ.

ಶಾಲೆಯಲ್ಲಿ ಕಷ್ಟಪಟ್ಟವರನ್ನು ವೇದಿಕೆಗೆ ಕರೆದು ಕಥೆ ಹೇಳಿ ಎಂದು ಒತ್ತಾಯಿಸಬಾರದು. ಆಯೋಗದ ಮುಂದೆ 6,500ಕ್ಕೂ ಹೆಚ್ಚು ಮಂದಿ ಮಾತನಾಡಿದ್ದಾರೆ. ಅವರ ಹೇಳಿಕೆಗಳನ್ನು ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿರುವ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ಕೇಂದ್ರ ಕಾಪಾಡುತ್ತಿದೆ, ಸಾರ್ವಜನಿಕರಿಗೆ ತೆರೆದಿರುವ ಹೇಳಿಕೆಗಳೇ ನಮಗೆ ಬೇಕಾದಷ್ಟಿವೆ. ಆ ಸಭೆಗಳನ್ನು ಸಿಂಕ್ಲೇರ್ ಅವರ ತಂಡ ನಡೆಸಿದ ಬಗೆಯಿಂದಲೇ ನಾವು ಕಲಿಯಬಹುದು. ಅತ್ತವರ ಕಣ್ಣೀರು ಒರೆಸಿದ ಕಾಗದದ ಕರವಸ್ತ್ರಗಳನ್ನು ಕಸದ ಬುಟ್ಟಿಗೆ ಎಸೆಯುತ್ತಿರಲಿಲ್ಲ. ಅವುಗಳನ್ನು ಒಟ್ಟುಗೂಡಿಸಿ ಹೊರಗೆ ಉರಿಯುತ್ತಿದ್ದ ಪವಿತ್ರ ಅಗ್ನಿಗೆ ಅರ್ಪಿಸುತ್ತಿದ್ದರು. ಒಂದೇ ದೇವದಾರು ಹಲಗೆಯನ್ನು ಹಬೆಯಲ್ಲಿ ಬಾಗಿಸಿ ಕಲಾವಿದ ಲ್ಯೂಕ್ ಮಾರ್ಸ್ಟನ್ ಮಾಡಿದ ಕೆತ್ತನೆಯ ಪೆಟ್ಟಿಗೆ ಊರಿಂದೂರಿಗೆ ಆಯೋಗದೊಂದಿಗೆ ಹೋಗುತ್ತಿತ್ತು, ಜನ ಅದರೊಳಗೆ ತಮ್ಮ ನೆನಪಿನ ವಸ್ತುಗಳನ್ನಿಟ್ಟರು. ಶಾಲೆಯಲ್ಲಿದ್ದಾಗ ಒಮ್ಮೆಯೂ ಹುಟ್ಟುಹಬ್ಬ ಕಾಣದವರಿಗೆಂದು ದೊಡ್ಡ ಸಭೆಗಳಲ್ಲಿ ಕೇಕ್ ತರಿಸಿ, ಎಪ್ಪತ್ತು ದಾಟಿದವರಿಗೂ ಸಾಮೂಹಿಕವಾಗಿ ಹುಟ್ಟುಹಬ್ಬ ಮಾಡುತ್ತಿದ್ದರು.

ದೀಪ ಬೆಳಗಿಸುವುದು ನಮ್ಮ ಪದ್ಧತಿ, ಅದಕ್ಕೆ ಯಾರ ಅಡ್ಡಿಯೂ ಇರದು. ಆದರೆ ಅವರ ಧೂಪದ ವಿಧಿಯನ್ನೋ ಡೋಲಿನ ಹಾಡನ್ನೋ ನಾವೇ ಅನುಕರಿಸಿ ಪ್ರದರ್ಶಿಸಬಾರದು. ಅಂಗಿಗಳನ್ನು ಮೂಲನಿವಾಸಿಗಳೇ ನಡೆಸುವ ಅಂಗಡಿಗಳಿಂದ ಕೊಳ್ಳಿ. ಆ ಕಿತ್ತಳೆ ಅಂಗಿಯ ಹಿಂದೆ ಫಿಲ್ಲಿಸ್ ವೆಬ್‌ಸ್ಟಡ್ ಎಂಬವರ ನೆನಪಿದೆ. 1973ರಲ್ಲಿ, ಆರು ವರ್ಷದವರಿದ್ದಾಗ, ಅಜ್ಜಿ ಕೊಡಿಸಿದ್ದ ಹೊಸ ಅಂಗಿಯನ್ನು ಮೊದಲ ದಿನವೇ ಶಾಲೆಯವರು ಕಿತ್ತುಕೊಂಡರು. ಇಷ್ಟನ್ನು ಮಕ್ಕಳಿಗೆ ತಿಳಿಸಿ ಅಂಗಿ ತೊಡಿಸಿದರೆ ಫೋಟೊ ತೆಗೆಯುವುದರಲ್ಲಿ ತಪ್ಪೇನಿಲ್ಲ.

ಹಾರಕ್ಕೂ ಊಟಕ್ಕೂ ಎತ್ತಿಟ್ಟ ಹಣದಲ್ಲಿ ಸ್ವಲ್ಪವನ್ನು ದಿ ವಿನ್ನಿಪೆಗ್ ಫೌಂಡೇಷನ್‌ನಲ್ಲಿರುವ ಮರೇ ಸಿಂಕ್ಲೇರ್ ಸ್ಮಾರಕ ನಿಧಿಗೆ ಕೊಡಬಹುದು. ಅವರು ತೀರಿಕೊಂಡಾಗ ಕುಟುಂಬ ಕೇಳಿಕೊಂಡದ್ದೂ ಅದನ್ನೇ.


ಉತ್ತರ: ಮೇಪಲ್ ನೆರಳು (ಬ್ರಾಂಪ್ಟನ್)

ಶಿಕ್ಷಕಿಯವರ ಮಾತಿನಲ್ಲಿ ಪ್ರಮಾಣವಚನದ ಅಂಶ ನನ್ನನ್ನು ನಿಲ್ಲಿಸಿತು. ನಾನು ಪ್ರಮಾಣ ಮಾಡಿದ್ದು 2021ಕ್ಕೆ ಮೊದಲು, ಹಾಗಾಗಿ ನನ್ನ ಪ್ರತಿಯಲ್ಲಿ ಆ ಸಾಲು ಇರಲಿಲ್ಲ. ಹೊಣೆ ಬೇರೆ, ಅಪರಾಧ ಬೇರೆ ಎಂಬ ನಿಮ್ಮ ನಿಲುವನ್ನು ಒಪ್ಪಬಲ್ಲೆ. ಆದರೂ ಎರಡು ತಾಸಿನ ಸಭೆಯಿಂದ ಏನಾದೀತೆಂಬ ನನ್ನ ಅನುಮಾನ ಹಾಗೆಯೇ ಉಳಿದಿದೆ. ಸಭೆಯ ನಂತರ ಬಳಗ ಏನು ಮಾಡುತ್ತದೆ ಎಂಬುದನ್ನು ಮೊದಲು ನಿರ್ಧರಿಸಿ, ಸಭೆಯನ್ನು ಆಮೇಲೆ ಯೋಜಿಸಿ.


ಉತ್ತರ: ಹಳೆಯ ವಕೀಲ (ಬೆಂಗಳೂರು)

ಈ ಸಲಹೆಯನ್ನು ನಾನು ಅನುಮೋದಿಸುತ್ತೇನೆ. ಜೊತೆಗೆ, ಆಯೋಗದ ಮಿತಿಗಳನ್ನೂ ಸಭೆಯಲ್ಲಿ ಮುಚ್ಚಿಡಬಾರದು. ಅದಕ್ಕೆ ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರವಿರಲಿಲ್ಲ, ತಪ್ಪಿತಸ್ಥರನ್ನು ಹೆಸರಿಸುವ ಅಧಿಕಾರವೂ ಇರಲಿಲ್ಲ. ಹೊಡೆದವರ ಮತ್ತು ಅದಕ್ಕಿಂತ ಕೆಟ್ಟದ್ದನ್ನು ಮಾಡಿದವರ ಹೆಸರು ವರದಿಯಲ್ಲಿ ಕಾಣದೆ ನೊಂದವರು ಇದ್ದಾರೆ. ಸತ್ಯ ಮೊದಲು, ಸಾಮರಸ್ಯ ಆಮೇಲೆ ಎಂದು ಸಿಂಕ್ಲೇರ್ ಮತ್ತೆ ಮತ್ತೆ ಹೇಳುತ್ತಿದ್ದವರು; ಅವರ ಸ್ಮರಣೆಯ ಸಭೆಯಲ್ಲಿ ಅವರ ಆಯೋಗವೂ ಆ ನಿಯಮಕ್ಕೆ ಹೊರತಾಗಬಾರದು. ಶಿಕ್ಷಣವೇ ನಮ್ಮನ್ನು ಈ ಸ್ಥಿತಿಗೆ ತಂದಿತು, ಶಿಕ್ಷಣವೇ ಇದರಿಂದ ಹೊರತರಬೇಕು ಎಂಬರ್ಥದ ಅವರ ಮಾತು ಎಲ್ಲೆಡೆ ಉದ್ಧೃತವಾಗುತ್ತದೆ. ನೀವು ಬ್ಯಾನರಿನ ಮೇಲೆ ಬರೆಸಲಿರುವುದೂ ಬಹುಶಃ ಅದೇ. ಬರೆಸಿದರೆ, ಕನ್ನಡ ತರಗತಿಯ ಪಾಠದಲ್ಲೂ ಅದಕ್ಕೊಂದು ಜಾಗ ಕೊಡಿ.


ಪ್ರಶ್ನೆ ಕೇಳಿದವರು: ಕೆಂಪುಹೊಳೆ ದಂಡೆಯವ (ವಿನ್ನಿಪೆಗ್)

ಎಲ್ಲರಿಗೂ ವಂದನೆಗಳು. ಈ ಉತ್ತರಗಳನ್ನು ಮುದ್ರಿಸಿ ಸಮಿತಿಯ ಮುಂದಿಟ್ಟೆ. ಆಕ್ಷೇಪ ಎತ್ತಿದ್ದ ಸದಸ್ಯರು ಪೂರ್ತಿ ಒಪ್ಪಿದ್ದಾರೆಂದು ಹೇಳಲಾರೆ. ಆದರೆ ಐದು ಡಾಲರಿನ ಸಂಗತಿಯನ್ನು ಅವರು ಎರಡು ಸಲ ಓದಿಸಿಕೊಂಡರು, ಮತ್ತು ಸಭೆಯಲ್ಲಿ ಒಪ್ಪಂದದ ಬಗ್ಗೆ ತಾವೇ ಮಾತನಾಡುತ್ತೇನೆಂದಿದ್ದಾರೆ.

ತಾತ್ಕಾಲಿಕವಾಗಿ ನಿರ್ಧರಿಸಿದ್ದು ಹೀಗಿದೆ. ಸಭೆಯನ್ನು ಸೆಪ್ಟೆಂಬರ್ 30ಕ್ಕೇ ಕಟ್ಟಿಹಾಕದೆ, ಹಿರಿಯರೊಬ್ಬರು ಒಪ್ಪುವ ದಿನಕ್ಕೆ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಮೊದಲು ದೊಡ್ಡವರು ಮತ್ತು ಹೈಸ್ಕೂಲಿನ ಮಕ್ಕಳು ಊರಿನಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಪೋರ್ಟೇಜ್ ಲಾ ಪ್ರೇರಿಗೆ ಹೋಗಿಬರುವುದೆಂದಾಯಿತು. ಅಲ್ಲಿನ ವಸತಿ ಶಾಲೆಯ ಹಳೆಯ ಕಟ್ಟಡ ಇಂದಿಗೂ ನಿಂತಿದ್ದು, ಲಾಂಗ್ ಪ್ಲೇನ್ ಸಮುದಾಯದವರು ಅದನ್ನು ವಸ್ತುಸಂಗ್ರಹಾಲಯವಾಗಿ ನಡೆಸುತ್ತಿದ್ದಾರೆ. ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳುತ್ತೇವೆ. ಚಿಕ್ಕ ಮಕ್ಕಳಿಗೆ ಊರೊಳಗಿನದೇ ಒಂದು ವಿಷಯ ಸಾಕೆಂದುಕೊಂಡೆವು. ದಕ್ಷಿಣ ವಿನ್ನಿಪೆಗ್‌ನಲ್ಲಿ ನಾವೆಲ್ಲ ದಿನವೂ ಓಡಾಡುವ ಹೆದ್ದಾರಿಗೆ ಈ ಶಾಲೆಗಳ ಪರವಾಗಿ ವಾದಿಸಿದ ಬಿಷಪ್ ಗ್ರಾಂಡಿನ್ ಹೆಸರಿತ್ತು, ಅದನ್ನು ನಗರಸಭೆ ತೆಗೆದು ಅಬಿನೋಜಿ ಮಿಕನಾ ಎಂದು ಒಜಿಬ್ವೆ ಎಂಬ ಮೂಲನಿವಾಸಿ ಭಾಷೆಯ ಹೆಸರಿಟ್ಟಿದೆ. ನಮ್ಮಲ್ಲಿ ಹಲವರು ಇನ್ನೂ ಹಳೆಯ ಹೆಸರನ್ನೇ ಹೇಳುತ್ತಾರೆ, ಮಕ್ಕಳು ಅವರನ್ನು ತಿದ್ದಲಿ.

ಸಭೆಯ ನಂತರ ಏನು ಎಂಬ ಪ್ರಶ್ನೆಗೆ ಬಂದ ಉತ್ತರ ಇದು. ಹೊಸದಾಗಿ ಊರಿಗೆ ಬರುವ ಕನ್ನಡಿಗರಿಗೆ ನಾವು ಈಗಾಗಲೇ ಒಂದು ಕಿರುಪುಸ್ತಿಕೆ ಕೊಡುತ್ತೇವೆ. ಬ್ಯಾಂಕ್ ಖಾತೆ, ಚಳಿಗಾಲದ ಬಟ್ಟೆ, ಬಾಡಿಗೆ ಮನೆ, ಚಾಲನಾ ಪರವಾನಗಿ, ಬೇಳೆ ಮತ್ತು ಸೋನಾ ಮಸೂರಿ ಸಿಗುವ ಅಂಗಡಿಗಳು ಎಲ್ಲವೂ ಅದರಲ್ಲಿದೆ, ಯಾರ ನೆಲಕ್ಕೆ ಬಂದಿದ್ದೇವೆಂಬುದು ಇಲ್ಲ. ಸರ್ಕಾರದ ಹೊಸ ಕೈಪಿಡಿಗೆ ಕಾಯದೆ, ಒಂದನೇ ಒಪ್ಪಂದ ಮತ್ತು ವಸತಿ ಶಾಲೆಗಳ ಬಗ್ಗೆ ನಾಲ್ಕು ಪುಟಗಳನ್ನು ಕನ್ನಡದಲ್ಲೇ ಬರೆದು ಅದರ ಮೊದಲಿಗೆ ಸೇರಿಸುವುದೆಂದು ತೀರ್ಮಾನಿಸಿದ್ದೇವೆ. ಶಿಕ್ಷಕಿಯವರು ಕರಡನ್ನು ನೋಡಿಕೊಡಲು ಒಪ್ಪುವರೇ? ಒಪ್ಪಂದದ ಕಾನೂನಿನ ಭಾಗವನ್ನು ವಕೀಲರು ಒಮ್ಮೆ ಓದಿದರೆ ಉಪಕಾರವಾದೀತು. ಮುದ್ರಿಸುವ ಮುನ್ನ ಅದನ್ನು ಸೇವಂತಿಯವರ ಸಹೋದ್ಯೋಗಿಗಳಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿ, ಅವರು ಬೇಡವೆಂದದ್ದನ್ನು ತೆಗೆಯುತ್ತೇವೆ.